ಎದುರುಗಾಳಿಯಲ್ಲಿ ದೋಣಿ

ಇವತ್ತು ಬೆಳಿಗ್ಗೆ ಆಂಡರ್ಸನ್‌ಪೇಟೆಯಿಂದ ಬಂಗಾರಪೇಟೆಯ ಅಂಗಡಿಗಳಿಗೆ ಬ್ರೆಡ್ಡು ಹೇರಿಕೊಂಡು ಸೈಕಲ್ ತುಳಿಯುತ್ತಿದ್ದಾಗ ಎದುರುಗಾಳಿ ಎದ್ದು, ಗಣಿಮಣ್ಣಿನ ದೂಳು ಬಾಯಿಗೆ ತುಂಬಿತು. ಆ ರುಚಿಗೆ ನನಗೆ ನೆನಪಾಗುವುದು ಗಣಿಯಲ್ಲ, ದೋಣಿ. ನಗಬೇಡಿ, ಹೇಳುತ್ತೇನೆ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ನನ್ನ ಜಂಬ ಮಾತ್ರ ಎಂ.ಎ.ವರೆಗೆ ಓದಿದೆ. ಮೈಮುರಿದು ದುಡಿಯುವವನಿಗೆ ಲೆಕ್ಕ ತಾನಾಗಿ ಬರುತ್ತದೆ ಎಂದುಕೊಂಡಿದ್ದೆ. ಮೂರು ವರ್ಷದ ಹಿಂದೆ ಮಗಳು ಸುಧಾ ರೈಲ್ವೆ ಪರೀಕ್ಷೆಗೆ ಓದಲು ಕೂತವಳು ಒಂದು ಸಂಜೆ ಕೇಳಿದಳು: ನಿಂತ ನೀರಿನಲ್ಲಿ ದೋಣಿಯ ವೇಗ ಗಂಟೆಗೆ ನಾಲ್ಕು ಕಿಲೋಮೀಟರ್, ಹೊಳೆಯದು ಎರಡು. ಹರಿವಿಗೆ ಎದುರಾಗಿ ಆರು ಕಿಲೋಮೀಟರ್ ಹೋಗಿ ವಾಪಸ್ ಬರಲು ಎಷ್ಟು ಹೊತ್ತು?

"ಮೂರ್ ಗಂಟೆ," ಎಂದೆ. "ಓಗ್ತಾ ಕಳ್ಕೊಂಡಿದ್ದು ಬರ್ತಾ ಸಿಕ್ತದೆ. ಹೊಳೆ ಇಲ್ದಂಗೇ ಲೆಕ್ಕ ಆಕು."

"ಮೊಣಕಾಲುದ್ದ ಕೆರೆಗೂ ಇಳೀದೋನು ದೋಣಿ ಬಿಡ್ತಾವ್ನೆ," ಎಂದಳು ಒಲೆಯ ಮುಂದಿದ್ದ ಹೆಂಡತಿ.

ಸುಧಾ ಮಾತ್ರ ನಂಬಿದಳು. ರಾಬರ್ಟ್‌ಸನ್‌ಪೇಟೆಯ ಕೋಚಿಂಗ್‌ನಲ್ಲಿ ನನ್ನ ಉತ್ತರವನ್ನೇ ಬರೆದು, ಬೋರ್ಡಿನ ಮುಂದೆ ನಿಂತು ವಾದಿಸಿ, ಎಲ್ಲರೆದುರು ನಗೆಪಾಟಲಾಗಿ ಬಂದಳು.

"ಅಪ್ಪಾ, ಎದುರುಗಾಳೀಲಿ ಬಂಗಾರಪೇಟೆಗೆ ಓಗಕ್ಕೆ ಎಂಗಿರ್ತದೆ? ಗಾಳಿ ಬೆನ್ನಿಗಿದ್ರೆ ಬರಕ್ಕೆ?"

"ಓಗಕ್ಕೆ ಜೀವ ಓಯ್ತದೆ. ಬರೋದು ಗೊತ್ತೇ ಆಗಲ್ಲ."

"ದೋಣೀನೂ ಅಷ್ಟೇ ಕಣಪ್ಪಾ. ಓಗ್ತಾ ಗಂಟೆಗೆ ಎರಡೇ ಕಿಲೋಮೀಟ್ರು, ಬರ್ತಾ ಆರು. ಕಷ್ಟದಾಗೆ ಮೂರ್ ಗಂಟೆ ಇರ್ತೀಯ, ಸುಖದಾಗೆ ಒಂದೇ ಗಂಟೆ. ನಾಲ್ಕಾಯ್ತು."

ಇಪ್ಪತ್ತು ವರ್ಷದಿಂದ ಕಾಲಿಗೆ ಗೊತ್ತಿದ್ದದ್ದು ತಲೆಗೆ ಆಗ ತಲುಪಿತು. ಒಪ್ಪಿಕೊಂಡೆನೇ? "ಪುಸ್ತಕದಾಗೆ ತಪ್ಪು ಅಚ್ಚಾಗದೆ," ಎಂದೆ. ಅವತ್ತಿನಿಂದ ಅವಳು ನನ್ನನ್ನು ಒಂದು ಲೆಕ್ಕವೂ ಕೇಳಲಿಲ್ಲ. ನಾನು ಚಪ್ಪಲಿ ಬಿಡುವ ಸದ್ದಿಗೇ ಅವಳ ಪುಸ್ತಕ ಮುಚ್ಚಿಕೊಳ್ಳುತ್ತಿತ್ತು.

ಈಗ ಮೂರನೇ ಸಲ ಪರೀಕ್ಷೆ ಬರೆಯುತ್ತಿದ್ದಾಳೆ. ಇವತ್ತು ಮನೆಗೆ ಬಂದವನು ಮುಖವನ್ನೂ ತೊಳೆಯದೆ ಬಾಗಿಲಲ್ಲೇ ಹೇಳಿಬಿಟ್ಟೆ: "ಆ ಪುಸ್ತಕ ಸರಿಯಾಗೇ ಇತ್ತು ಕಣಮ್ಮಾ. ತಪ್ಪು ನಂದು."

ಸುಧಾ ಮುಚ್ಚಿದ್ದ ಪುಸ್ತಕವನ್ನು ಮತ್ತೆ ತೆರೆದಳು. "ಬಾ, ಇದ್ ನೋಡು. ಒಂದು ನಲ್ಲಿ ತೊಟ್ಟಿ ತುಂಬುಸ್ತದೆ, ಇನ್ನೊಂದು ಖಾಲಿ ಮಾಡ್ತದೆ..."

"ನೀರ್ ಬರೋದೇ ವಾರಕ್ಕೊಂದ್ಸಲ, ಕೆಳಗಿನ ನಲ್ಲಿ ತೆಗೆದಿಟ್ಟೋನು ಯಾವನಮ್ಮಾ?"

"ಆವಯ್ಯ ಎಲ್ಲಾ ಪುಸ್ತಕದಾಗೂ ಅವ್ನೆ," ಎಂದು ನಕ್ಕು ಚಾಪೆಯಲ್ಲಿ ಜಾಗ ಬಿಟ್ಟಳು.

ಉತ್ತರ ಹೇಳಲು ತೆರೆದಿದ್ದ ಬಾಯಿ ಮುಚ್ಚಿಕೊಂಡು, ಪಕ್ಕದಲ್ಲಿ ಕುಳಿತೆ.