ಕಾರ್ಬೊರೇಟರಿಗೆ ಕಿವಿಗೊಟ್ಟವರು

ಅಪ್ಪನ ಅಂಬಾಸಿಡರಿನಲ್ಲಿ ಇವತ್ತಿಗೂ ಕಾರ್ಬೊರೇಟರೇ ಉಳಿದಿದ್ದರೆ ಅದಕ್ಕೆ ಹಿರಿಯೂರಿನ ಮೆಕ್ಯಾನಿಕ್ ಸಾಹೇಬರು ಕಾರಣ. ಅವರು ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚುತ್ತಿದ್ದರು. ಯಾರಾದರೂ ಬಾಯಿಬಿಟ್ಟರೆ, "ಸುಮ್ಕಿರ್ರಿ, ಅದು ಮಾತಾಡ್ತೈತೆ" ಎನ್ನುತ್ತಿದ್ದರು.

ಅಪ್ಪ ಹೋದ ಮೇಲೆ ಕಾರು ಚಿತ್ರದುರ್ಗದ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಆಫ್ ಆಗತೊಡಗಿತು. ಕಾರ್ಬೊರೇಟರ್ ತೆಗೆಸಿ ಫ್ಯೂಯೆಲ್ ಇಂಜೆಕ್ಷನ್ ಹಾಕಿಸಿಬಿಡಲೇ ಎಂದು ಸಾಹೇಬರನ್ನು ಕೇಳಲು ಹೋದೆ. ಎರಡು ಸಲ ಕೂಗಿ ಹೇಳಬೇಕಾಯಿತು. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ.

"ಹಾಕಿಸ್ಬಿಡ್ರಿ" ಎಂದರು. "ಅದಕ್ಕೆ ಕಂಪ್ಯೂಟರ್ ಐತೆ. ಇದಕ್ಕೆ ಕಿವಿ ಬೇಕು. ನನ್ನ ಕಿವಿ ಹೋಗೈತೆ."

ನಾನು ಅಲ್ಲಿಂದ ಏಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಎದ್ದು ಬಾನೆಟ್ ಎತ್ತಿ, ಇಂಜಿನ್ ಸ್ಟಾರ್ಟ್ ಮಾಡಿಸಿದರು. ತಮ್ಮ ಸ್ಕ್ರೂಡ್ರೈವರನ್ನು ನನ್ನ ಕಿವಿಗೆ ಹಿಡಿಸಿ, ಇನ್ನೊಂದರಿಂದ ಕಾರ್ಬೊರೇಟರಿನ ಸ್ಕ್ರೂವನ್ನು ಒಂದೊಂದೇ ಎಳೆಯಷ್ಟು ತಿರುಗಿಸತೊಡಗಿದರು. ತಡವರಿಸುತ್ತಿದ್ದ ಸದ್ದು ಮೆಲ್ಲಗೆ ಒಂದೇ ಸಮನಾಯಿತು. ನಾನು ಕೈ ಎತ್ತಿದೆ. ಅವರು ಅಲ್ಲಿಗೇ ನಿಲ್ಲಿಸಿದರು.

ಆ ದಿನ ಅವರು ಕಣ್ಣು ಮುಚ್ಚಿರಲಿಲ್ಲ. ನನ್ನ ಮುಖವನ್ನೇ ನೋಡುತ್ತ, "ಏನಂತೈತೆ?" ಎಂದು ಕೇಳಿದರು.