ಕವಳಿಗುಡ್ಡಕ್ಕೆ ಸುಣ್ಣ ಹಚ್ಚುವ ಮುನವ್ವರಾ

ಒಂದು ಗುಡ್ಡ ಇತ್ತಂತೆ. ಅದಕ್ಕೆ ಮನುಷ್ಯರೆಂದರೆ ಬಲು ಪ್ರೀತಿಯಂತೆ. ಬಂದವರನ್ನು ಕಳಿಸಿಕೊಡಲು ಮನಸ್ಸೇ ಬಾರದೆ, ಕೊಳ್ಳದಿಂದ ಗವಿಗೆ, ಗವಿಯಿಂದ ನೆತ್ತಿಗೆ, ನೆತ್ತಿಯಿಂದ ತಿರುಗಿ ಕೊಳ್ಳಕ್ಕೆ ಸುತ್ತಿಸುತ್ತಲೇ ಇರುತ್ತಿತ್ತಂತೆ. ಒಂದು ದಿನ ಒಬ್ಬ ಹೆಣ್ಣುಮಗಳು ಬಕೀಟಿನ ತುಂಬ ಸುಣ್ಣ ಹೊತ್ತು ಅದರೊಳಗೆ ಹೊಕ್ಕಳಂತೆ. ನನ್ನ ಅಜ್ಜಿ ಇದ್ದಿದ್ದರೆ ಮುನವ್ವರಾ ಅವರ ಕಥೆಯನ್ನು ಹೀಗೇ ಶುರು ಮಾಡುತ್ತಿದ್ದಳು. ಅಜ್ಜಿಯ ಕಥೆಗಳ ಗುಡ್ಡಗಳಿಗೆ ಹೋಗಲು ಏಳು ಸಮುದ್ರ ದಾಟಬೇಕಿತ್ತು. ಈ ಗುಡ್ಡಕ್ಕೆ ಹಿರೇಕೆರೂರಿನಿಂದ ಬಸ್ಸಿದೆ.

ಬೆಳಕು ಈಗಷ್ಟೇ ಹರಿಯುತ್ತಿದೆ. ಕೆಳಗೆಲ್ಲೋ ನವಿಲು ಕೂಗುತ್ತಿದೆ. ಕವಳಿಗುಡ್ಡದ ನೆತ್ತಿಯ ಹಾದಿಯಲ್ಲಿ ಸೆರಗು ಬಿಗಿದು ಕುಕ್ಕರುಗಾಲಲ್ಲಿ ಕೂತ ಮುನವ್ವರಾ, ಒಂದು ಕಲ್ಲಿನ ಮೈಯನ್ನು ಮಗುವಿನ ಮುಖ ಒರೆಸಿದ ಹಾಗೆ ಅರಿವೆಯಿಂದ ಒರೆಸುತ್ತಾರೆ. ಮಣ್ಣು ಹೋಗಬೇಕು, ಇಬ್ಬನಿಯ ತಂಪು ಉಳಿಯಬೇಕು. ಆಮೇಲೆ ಕುಂಚ ಅದ್ದಿ ಅಂಗೈಯಗಲದ ಒಂದು ಬೊಟ್ಟು. ಅಚ್ಚರಿಯೆಂದರೆ, ಹಚ್ಚಿದ್ದು ಕಾಣುವುದೇ ಇಲ್ಲ! ಕಲ್ಲು ಬರೀ ಒದ್ದೆಯಾದಂತಿದೆ.

“ಹಸೀ ಸುಣ್ಣ ಕಾಣಂಗಿಲ್ರಿ. ಆರಿದ ಮ್ಯಾಲೆ ಬೆಳ್ಳಗ ಅಕ್ಕೈತಿ,” ಅನ್ನುತ್ತಾರೆ. “ಒಣಾ ಕಲ್ಲಿಗೆ ಹಚ್ಚಿದ್ರ ಅದು ಸುಣ್ಣದಾಗಿನ ನೀರೆಲ್ಲಾ ಕುಡದು ಪುಡಿ ಉದುರಸ್ತೈತಿ. ಅದಕ್ಕ ಇಬ್ಬನಿ ಇರೂದ್ರಾಗ ಹಚ್ಚಬೇಕು. ಬಿಸಲೇರಿತು ಅಂದ್ರ ನನ್ನ ಕೆಲಸ ಮುಗೀತು.”

ಐವತ್ತು ದಾಟಿದ ಮುನವ್ವರಾ ಸವಣೂರಿನಿಂದ ಈ ಹಳ್ಳಿಗೆ ಸೊಸೆಯಾಗಿ ಬಂದವರು. ಗಂಡ ಬಂದೇಸಾಬರ ಮನೆತನದ್ದು ಸುಣ್ಣ ಬಳಿಯುವ ಕಸುಬು. ಪಂಚಮಿ ಬಂದರೂ ರಂಜಾನ್ ಬಂದರೂ ಊರಿನ ಗೋಡೆಗಳೆಲ್ಲ ಇವರ ಕೈಗೇ ಬರುತ್ತಿದ್ದವು. ಡಿಸ್ಟೆಂಪರ್ ಡಬ್ಬಿಗಳು ಬಂದ ಮೇಲೆ ಕುಂಚ ಅಟ್ಟ ಸೇರಿತು. ಅಷ್ಟರಲ್ಲಿ ಗುಡ್ಡ ಸುತ್ತಲು ಬಂದ ಪೇಟೆಯ ಹುಡುಗರ ಗುಂಪೊಂದು ದಾರಿ ತಪ್ಪಿ ಊರೆಲ್ಲ ಹುಡುಕಾಡುವಂತಾಯಿತು. ಗ್ರಾಮದ ಅರಣ್ಯ ಸಮಿತಿಯವರು, ಹಾದಿಗೆ ಗುರುತು ಹಾಕಿ ಲಂಟಾನ ಸವರುವ ಕೂಲಿಗೆ ಮುನವ್ವರಾ ಅವರನ್ನು ಕರೆದರು.

“ಊರಾಗಿನ ಗ್ವಾಡಿ ಹ್ವಾದ್ವು ಅಂತ ಗುಡ್ಡಾನ ಗ್ವಾಡಿ ಮಾಡ್ಕೊಂಡಾಳ್ರಿ,” ಎಂದು ಬಂದೇಸಾಬರು ಚಾಷ್ಟಿ ಮಾಡುತ್ತಾರೆ. ಆದರೆ ಅಕ್ಕಿಆಲೂರಿನ ಸಂತೆಯಿಂದ ಸುಣ್ಣದ ಹಳಕು ಹೊತ್ತು ತರುವವರೂ, ಮಳೆಗೆ ತೊಳೆದುಹೋಗದಂತೆ ಅದಕ್ಕೆ ಜಾಲಿಯ ಅಂಟು ಕಲಸುವವರೂ ಅವರೇ. ಸುಣ್ಣಕ್ಕೆ ಸವೆದ ಹೆಂಡತಿಯ ಬೆರಳುಗಳಿಗೆ ರಾತ್ರಿ ಕೊಬ್ಬರಿ ಎಣ್ಣೆ ಸವರುವುದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ಮುನವ್ವರಾ ಹೇಳಿಬಿಟ್ಟರು.

ಕವಳಿಗುಡ್ಡದ ಸುತ್ತು ಅರ್ಧ ದಿನದ ನಡಿಗೆ. ಬುಡದ ಹುಣಸೆಮರದಿಂದ ಬಲಕ್ಕೆ ಹೊರಟರೆ ಮೊದಲು ಒರತೆ, ಆಮೇಲೆ ಮುತ್ತಲ ಮರಗಳ ಕೊಳ್ಳ, ಬಾವಲಿಗಳ ಗವಿ, ನೆತ್ತಿ, ಕೊನೆಗೆ ಇಳಿಜಾರು. ತಿರುಗಿ ಅದೇ ಹುಣಸೆಮರ. ಊರವರು ನಡೆಯುವುದು ಹೀಗೇ. ಮುನವ್ವರಾ ಕೂಡ ಸುಣ್ಣಕ್ಕೆ ನೀರು ಬೇಕಲ್ಲ ಎಂದು ಒರತೆಯ ದಾರಿಯನ್ನೇ ಹಿಡಿದು, ಎದುರಾದ ಕಲ್ಲಿನ ಎದುರು ಮೈಗೆ ಬೊಟ್ಟು ಇಡುತ್ತ ಬಂದರು. ವರ್ಷಗಟ್ಟಲೆ ಎಲ್ಲವೂ ಸುಸೂತ್ರವಾಗಿತ್ತು, ಕೃಷ್ಣಾಬಾಯಿ ಬರುವ ತನಕ.

ಕೃಷ್ಣಾಬಾಯಿ ಸವಣೂರಿನ ನಿವೃತ್ತ ಶಾಲಾ ಶಿಕ್ಷಕಿ. ಮಂಡಿಚಿಪ್ಪುಗಳು ಸವೆದಿವೆ. ಹುಬ್ಬಳ್ಳಿಯಲ್ಲಿ ಆಪರೇಷನ್ ನಿಗದಿಯಾಗಿದೆ. ಆಮೇಲೆ ಗುಡ್ಡದ ಮಾತೇ ಎತ್ತಬೇಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಅದಕ್ಕೆ ಮೊದಲು ಒಂದು ಸಲ ಈ ಗುಡ್ಡವನ್ನು ಪೂರ್ತಿ ಸುತ್ತಬೇಕೆಂಬುದು ಅವರ ಹಂಬಲ. ಎರಡು ಸಲ ಬಂದರು. ಎರಡೂ ಸಲ ನೆತ್ತಿಯ ಮೇಲೆ ಆಡಿನ ಹಾದಿ ಹಿಡಿದು ಮುಳ್ಳುಕಂಟಿಯಲ್ಲಿ ಸಿಕ್ಕಿಕೊಂಡರು. ಕುರುಬರು ಹೊರಗೆ ಕರೆತಂದರು.

“ಒಂದು ಕಲ್ಲಿಗರೆ ಸುಣ್ಣ ಇಲ್ಲಲ್ಲವಾ ಮುನವ್ವರಾ! ಸುಮ್ಮನ ಪಗಾರ ತಗೋತೀಯೇನು?” ಎಂದು ಎರಡನೇ ಸಲ ಹುಣಸೆಮರದಡಿ ಎಲ್ಲರೆದುರು ಕೇಳಿದರಂತೆ.

ಆ ಮಾತು ಮುನವ್ವರಾ ಅವರನ್ನು ಬಹಳ ಚುಚ್ಚಿತು. “ಎಲ್ಲಾ ಕಲ್ಲಿಗೂ ಐತ್ರಿ ಅಕ್ಕಾರ, ಬರ್ರಿ ತೋರಸ್ತೇನಿ,” ಎಂದು ಹತ್ತಿರದ ಕಲ್ಲಿನ ಬಳಿಗೆ ಕರೆದೊಯ್ದರು. ಕಲ್ಲಿನ ಈ ಕಡೆ ನಿಂತು ಇವರು “ಐತಿ” ಅಂದರು. ಆ ಕಡೆ ನಿಂತು ಅವರು “ಇಲ್ಲ” ಅಂದರು. ಐತಿ, ಇಲ್ಲ, ಐತಿ, ಇಲ್ಲ. ಕೊನೆಗೆ ಇಬ್ಬರೂ ಜಾಗ ಬದಲಿಸಿದರು. ಆಗ ನಗು ತಡೆಯಲಾಗಲಿಲ್ಲ.

“ನೀವು ದೇವರಿಗೆ ಸುತ್ತಿದಂಗ ಬಂದೀರಿ, ನಾ ನೀರಿಗೆ ಹ್ವಾದಂಗ ಹೋಗೇನಿ,” ಅಂದರು ಮುನವ್ವರಾ.

ಹೌದು, ಕೃಷ್ಣಾಬಾಯಿಗೆ ಅದು ಪ್ರದಕ್ಷಿಣೆ. ಗುಡ್ಡ ಬಲಗೈಗೇ ಇರಬೇಕು, ಹಾಗಾಗಿ ಹುಣಸೆಮರದಿಂದ ಎಡಕ್ಕೆ ಹೊರಡುತ್ತಾರೆ. ಅವರಿಗೆ ಕಂಡದ್ದೆಲ್ಲ ಕಲ್ಲುಗಳ ಬೆನ್ನು! “ಈ ಕಡೆಯಿಂದ ಹೋಗ್ರಲ್ಲ, ಇಲ್ಲಾ ನಾನೇ ಕೈ ಹಿಡಕೊಂಡು ಬರ್ತೇನಿ,” ಎಂದರೆ ಒಪ್ಪಲಿಲ್ಲ. “ಉಲ್ಟಾ ಪ್ರದಕ್ಷಿಣಿ ಯಾರರ ಹಾಕ್ತಾರೇನು? ಕೈನೂ ಬ್ಯಾಡ. ಇಡೀ ಆಯುಷ್ಯ ಹುಡುಗರನ್ನ ಸಾಲಾಗಿ ನಡಸೀನಿ. ಒಂದು ಸಲ ನಾ ಒಬ್ಬಾಕಿನ ನಡೀಬೇಕಾಗೇದ.”

“ಹಂಗಾರ ನೀವು ದವಾಖಾನಿಗೆ ಹೋಗೂದ್ರಾಗ ಕಲ್ಲಿನ ಆ ಮಗ್ಗಲಕ್ಕೂ ಹಚ್ತೇನ್ರಿ,” ಎಂದು ಮುನವ್ವರಾ ಮಾತು ಕೊಟ್ಟರು.

ಅಂದಿನಿಂದ ದಿನಾ ಇಬ್ಬನಿ ಆರುವವರೆಗೆ ಎಷ್ಟು ಕಲ್ಲಾಗುತ್ತವೋ ಅಷ್ಟು. ಒರತೆ, ಕೊಳ್ಳ, ಗವಿ ಮುಗಿದಿವೆ. ಎಡಗಡೆಯ ಏರಿಗೆ ಒಂದೇ ಹಾದಿ, ಗುರುತು ಬೇಡ. ಉಳಿದಿರುವುದು ನೆತ್ತಿ ಮಾತ್ರ. ಇಂದು ನಾವು ಇಲ್ಲಿರುವುದು ಅದಕ್ಕೇ.

ಫೋನ್ ಗುನುಗುತ್ತದೆ. ಕೆಳಗಿನಿಂದ ಬಂದೇಸಾಬರು: “ಅಕ್ಕಾರು ಬಂದಾರ. ಆಪರೇಷನ್ ಲಗೂನ ಇಟ್ಟಾರಂತ, ನಾಳೇನ ಹುಬ್ಬಳ್ಳಿಗೆ ಹೊಂಟಾರಂತ. ಆಗಲೇ ಅರ್ಧಾ ಏರ್ಯಾರ!”

“ಯಾ ಅಲ್ಲಾ, ಕವಲು ಉಳದೈತಲ್ಲ!” ಮುನವ್ವರಾ ಬಕೀಟು ಎತ್ತಿಕೊಂಡು ಓಡುತ್ತಾರೆ. ನೆತ್ತಿಯ ಹಾದಿ ಮೂರಾಗಿ ಒಡೆಯುವ ಜಾಗ ಅದು, ಕೃಷ್ಣಾಬಾಯಿ ಎರಡು ಸಲವೂ ತಪ್ಪಿದ್ದು ಅಲ್ಲೇ. ಅವರು ಹಿಡಿಯಬೇಕಾದ ಗವಿಯ ಹಾದಿಯ ಬಾಯಲ್ಲಿರುವ ಕಲ್ಲನ್ನು ಒರೆಸಿ, ಬೊಟ್ಟು ಇಟ್ಟು ಏಳುವಷ್ಟರಲ್ಲಿ ಕೆಮ್ಮು ಕೇಳುತ್ತದೆ, ಕೋಲಿನ ಸದ್ದೂ. ಸುಣ್ಣ ಇನ್ನೂ ಹಸಿ. ಕಲ್ಲು ಬರೀ ಕಲ್ಲಾಗಿಯೇ ಇದೆ. ಮುನವ್ವರಾ ಸೆರಗು ಬಿಚ್ಚಿ ಬೀಸುತ್ತಾರೆ, ಬಾಯಿಂದ ಊದುತ್ತಾರೆ. ಕೊನೆಗೆ ನನ್ನ ರಟ್ಟೆ ಹಿಡಿದು ಕವಳಿಕಂಟಿಯ ಮರೆಗೆ ಎಳೆಯುತ್ತಾರೆ. “ಕೂಗಿ ಹೇಳಬಾರದೇ?” ಎಂದೆ. “ಬ್ಯಾಡ್ರಿ. ಒಬ್ಬಾಕಿನ ನಡೀತೇನಿ ಅಂದಾರ.”

ಕೃಷ್ಣಾಬಾಯಿ ಕವಲಿಗೆ ಬಂದು ನಿಲ್ಲುತ್ತಾರೆ. ಮೂರೂ ಹಾದಿ ನೋಡುತ್ತಾರೆ. “ಇಲ್ಲೂ ಇಲ್ಲ ನೋಡು,” ಎಂದು ತಮಗೇ ಹೇಳಿಕೊಂಡು ಆಡಿನ ಹಾದಿಯ ಕಡೆ ಎರಡು ಹೆಜ್ಜೆ ಇಡುತ್ತಾರೆ. ನನ್ನ ರಟ್ಟೆಯ ಮೇಲಿನ ಹಿಡಿತ ಬಿಗಿಯಾಗುತ್ತದೆ. ಅಷ್ಟರಲ್ಲಿ ಅವರಿಗೆ ಮಂಡಿ ನೋವು. “ಅಯ್ಯ, ತಡೀ,” ಎಂದು ಕಾಲಿಗೇ ಗದರಿ, ಒಂದು ಬಂಡೆಯ ಮೇಲೆ ಕೂತು ನೀರು ಕುಡಿಯುತ್ತಾರೆ.

ಬಿಸಿಲು ಏರುತ್ತದೆ. ಕಲ್ಲಿನ ಒದ್ದೆ ಅಂಚಿನಿಂದ ಹಿಂಗುತ್ತ ಬರುತ್ತದೆ. ಮೊದಲು ಬೂದಿಬಣ್ಣ, ಆಮೇಲೆ ಹಾಲು ನೀರು ಬೆರೆಸಿದ ಹಾಗೆ, ಆಮೇಲೆ ಬರೀ ಹಾಲು.

ಕೃಷ್ಣಾಬಾಯಿ ಬಾಟಲಿಯ ಮುಚ್ಚಳ ತಿರುಗಿಸುತ್ತ ತಲೆ ಎತ್ತುತ್ತಾರೆ. “ಇದೆಲ್ಲಿತ್ತು? ಈಗ ನೋಡಿದೆನಲ್ಲಾ!” ಎದ್ದು ಕಲ್ಲಿನ ತನಕ ಹೋಗಿ ಬೊಟ್ಟನ್ನು ಕೋಲಿನಿಂದ ಮೆಲ್ಲಗೆ ತಟ್ಟುತ್ತಾರೆ. ಗವಿಯ ಹಾದಿಯಲ್ಲಿ ಇಳಿಯುತ್ತಾರೆ.

ನಾವು ಬಂದ ಏರಿನಲ್ಲೇ ಇಳಿದು ಹುಣಸೆಮರದಡಿ ಕಾಯುತ್ತೇವೆ. ಬಂದೇಸಾಬರು ಚಹಾ ಮಾಡಿಸಿ ತರುತ್ತಾರೆ; ಮುನವ್ವರಾ ಕುಡಿಯುವುದಿಲ್ಲ, ಒರತೆಯ ಕಡೆಗೇ ಕಣ್ಣು. ಮಧ್ಯಾಹ್ನ ತಿರುಗಿದ ಮೇಲೆ ಆ ಕಡೆಯಿಂದ ಕೋಲು ಕಾಣುತ್ತದೆ, ಆಮೇಲೆ ಮಂಡಿಯವರೆಗೆ ಒದ್ದೆಯಾದ ಸೀರೆ. ಕೃಷ್ಣಾಬಾಯಿ ನೇರ ಮರದ ಹತ್ತಿರ ಹೋಗಿ, ಅದರ ಬೊಡ್ಡೆ ಮುಟ್ಟುತ್ತಾರೆ.

“ಆತವಾ ಮುನವ್ವರಾ. ಯಾರನ್ನೂ ಹಾದಿ ಕೇಳಲಿಲ್ಲ.”

“ಆತ್ರಿ ಅಕ್ಕಾರ,” ಎನ್ನುವ ಮುನವ್ವರಾ ಆರಿದ ಚಹಾದ ಕಪ್ಪು ಕೈಗೆತ್ತಿಕೊಳ್ಳುತ್ತಾರೆ.