ಆಸಿಡ್ ಶೆಡ್ಡಿಗೆ ನಾನು ಆರಿಸಿದ ಟ್ರೇ

ಇಂಜಿನಿಯರಿಂಗ್ ಮುಗಿಸಿ ದಾವಣಗೆರೆಯಿಂದ ದೆಹಲಿಗೆ ಬಂದ ಹೊಸದರಲ್ಲಿ ನನಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಲಕ್ಷ್ಮೀ ನಗರದಲ್ಲಿ ಕಿಟಕಿಯಿಲ್ಲದ ಕೋಣೆ, ಫರೀದಾಬಾದಿನ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಬಳಿ ನೌಕರಿ. ಸೈಟಿನಲ್ಲಿ ಎಲ್ಲರೂ ‘ಮೇಡಂ’ ಅನ್ನುತ್ತಿದ್ದರು. ಅಷ್ಟು ಸಾಕಾಗಿತ್ತು ತಲೆ ತಿರುಗಲು.

ನಟ್ಟು ಬೋಲ್ಟುಗಳಿಗೆ ಪ್ಲೇಟಿಂಗ್, ಅಂದರೆ ಲೋಹದ ಲೇಪ, ಮಾಡುವ ಕಾರ್ಖಾನೆಯೊಂದರಲ್ಲಿ ಕೇಬಲ್ ಟ್ರೇ ಹಾಕಿಸುವುದು ನನ್ನ ಪಾಲಿಗೆ ಬಂತು. ಕೇಬಲ್ ಟ್ರೇ ಅಂದರೆ ಸೂರಿನ ಕೆಳಗೆ ಉದ್ದಕ್ಕೂ ಹೋಗುವ ತೂತುತೂತಿನ ತಗಡು. ಕೇಬಲ್ಲುಗಳು ಅದರ ಮೇಲೆ ಮಲಗಿರುತ್ತವೆ. ಶೆಡ್ಡಿನೊಳಗೆ ಆಸಿಡ್ ತೊಟ್ಟಿಗಳು ಹೊಗೆಯಾಡುತ್ತಿದ್ದವು. ನಾನು ಮೂಗಿಗೆ ದುಪಟ್ಟಾ ಹಿಡಿದು ಘೋಷಿಸಿದೆ: “ಇಲ್ಲಿಗೆ ಸ್ಟೇನ್‌ಲೆಸ್ ಸ್ಟೀಲೇ ಸರಿ.”

ಮಾಲೀಕರಿಗೆ ಖುಷಿಯೋ ಖುಷಿ. ಹೊಳೆಯುವುದೆಲ್ಲ ಅವರಿಗೆ ಇಷ್ಟ. ಅವರ ಬೂಟೂ ಹಾಗೇ ಇತ್ತು.

ನಮ್ಮ ಹಿರಿಯ ಫಿಟ್ಟರ್, ಹರಿಯಾಣದ ಮಿಸ್ತ್ರಿ, ಹೋಗಿ ಅಲ್ಲಿನ ಕೆಲಸಗಾರರೊಬ್ಬರ ಊಟದ ಡಬ್ಬಿ ಇಸಕೊಂಡು ಬಂದರು. ಮುಚ್ಚಳದ ತುಂಬ ಸಿಡುಬಿನಂಥ ಕಲೆ.

“ಇದೂ ಸ್ಟೀಲೇ, ಮೇಡಂ. ತೊಟ್ಟಿ ಪಕ್ಕ ಇಡ್ತಿದ್ದನಂತೆ. ಇಲ್ಲಿಗೆ ಫೈಬರ್ ಟ್ರೇ ಹಾಕಿ.”

“ಅದು ಅಗ್ಗದ ಡಬ್ಬಿ, ಮಿಸ್ತ್ರೀಜಿ.”

“ಅಚ್ಛಾ,” ಅಂದರು. ಸ್ಟೀಲ್ ಟ್ರೇಯನ್ನೇ ಹಾಕಿಸಿದೆ.

ಮಳೆಗಾಲ ಕಳೆದು ಚಳಿ ಶುರುವಾಗುವ ಹೊತ್ತಿಗೆ ಫೋನು ಬಂತು. ವಿಶ್ವಕರ್ಮ ಪೂಜೆಗೆ ಕಟ್ಟಿದ್ದ ಬಣ್ಣದ ಕಾಗದ ಇನ್ನೂ ನೇತಾಡುತ್ತಿದ್ದ ಶೆಡ್ಡಿನಲ್ಲಿ ನನ್ನ ಟ್ರೇ ಕಂದು ಕಣ್ಣೀರು ಸುರಿಸುತ್ತಿತ್ತು. ತೊಟ್ಟಿಯ ನೇರ ಮೇಲಿನ ಎರಡು ಬ್ರಾಕೆಟ್ ಮುರಿದು, ಕೇಬಲ್ಲುಗಳು ಜೋಕಾಲಿಯ ಹಾಗೆ ತೂಗುತ್ತಿದ್ದವು. ಯಾರಿಗೂ ಏನೂ ಆಗಿರಲಿಲ್ಲ. ಮಾಲೀಕರು ಮಾತ್ರ ನನ್ನ ಕಾಲೇಜಿನ ಬಗ್ಗೆ, ಆಮೇಲೆ ಇಡೀ ದಕ್ಷಿಣ ಭಾರತದ ಬಗ್ಗೆ ತಮ್ಮ ಅಭಿಪ್ರಾಯ ಹೇಳಿದರು. ದಕ್ಷಿಣ ಭಾರತದ ಪರವಾಗಿ ನಾನು ತಲೆ ತಗ್ಗಿಸಿ ನಿಂತೆ.

ಮಿಸ್ತ್ರಿ ಇನ್ನೇನು ಚುಚ್ಚುತ್ತಾರೆ ಅಂತ ಕಾದೆ. ಅವರು ಮೇಲೆ ನೋಡಿ, “ಮೊದಲು ಕರೆಂಟು ತೆಗೆಸೋಣ, ಚಲೋ,” ಅಂದರು. ಆ ಮರ್ಯಾದೆ ಬೈಗುಳಕ್ಕಿಂತ ಹೆಚ್ಚು ಉರಿಯಿತು.

ಗಾಜಿನ ನಾರಿನಿಂದ ಮಾಡಿದ ಫೈಬರ್ ಟ್ರೇ ಬಂತು. ಪಾಪಪರಿಹಾರಕ್ಕೆಂದು ನಾನೇ ಗರಗಸ ಹಿಡಿದೆ.

“ಕೈಗವಸು ಹಾಕಿಕೊಳ್ಳಿ, ಪೂರ್ತಿ ತೋಳಿನ ಅಂಗಿ ತೊಡಿ. ಅದರ ಪುಡಿ ಕೆಟ್ಟದ್ದು,” ಅಂದರು ಮಿಸ್ತ್ರಿ.

“ಎರಡೇ ತುಂಡು ತಾನೇ!”

“ಅಚ್ಛಾ.”

ಆ ಶಬ್ದದ ಅರ್ಥ ನನಗಾಗಲೇ ತಿಳಿದಿರಬೇಕಿತ್ತು. ಸಂಜೆ ಬಸ್ಸು ಹತ್ತುವಷ್ಟರಲ್ಲಿ ಮೊಣಕೈಯಿಂದ ಕತ್ತಿನವರೆಗೆ ಕಾಣದ ಗಾಜಿನ ನವೆ. ಮಂಗನ ಹಾಗೆ ಎರಡೂ ಕೈಯಲ್ಲಿ ಕೆರೆದುಕೊಂಡೆ. ನಾನು ಒರಗಿ ನಿಂತಿದ್ದ ಸೀಟಿನ ಆಂಟಿ ಸೆರಗು ಎಳೆದುಕೊಂಡು ಎದ್ದರು. ಅವರ ಮಗಳೂ ಎದ್ದಳು. ಫರೀದಾಬಾದಿನ ಆ ಬಸ್ಸಿನಲ್ಲಿ ಅದುವರೆಗೆ ನಿಲ್ಲಲಿಕ್ಕೂ ಜಾಗ ಸಿಗದಿದ್ದ ನಾನು, ಇಡೀ ಸೀಟಿನಲ್ಲಿ ಕಾಲು ಚಾಚಿ, ಕೆರೆದುಕೊಳ್ಳುತ್ತಾ, ಮಹಾರಾಣಿಯಂತೆ ಮನೆಗೆ ಬಂದೆ.